ಮಾಲೀಕರೇ, ಎದುರು ಕೂತು ಮಾತಾಡಿ

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಮುಖ್ಯವಾಗಿ ಮಾತಾಡಬೇಕಾಗಿರುವುದು ಮಾಲೀಕರ ಹತ್ತಿರ. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಹತ್ತು ಹದಿನೈದು ಜನರನ್ನಿಟ್ಟುಕೊಂಡು ಲೇತ್, ಪ್ರೆಸ್ ನಡೆಸುವವರು, ಈಗ ಶೆಡ್ಡಿನ ಬೀಗ ತೆಗೆಯುವ ಮುಂಚೆ ರೇಡಿಯೋ ಕೇಳುತ್ತಿರುವವರು. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಿಸುವ ಕಾನೂನು ಇದೆಯಲ್ಲ, ಅದನ್ನು ಬರೆಯುವಾಗ ಮಾಲೀಕರು ಹೇಗೆ ನಡೆದುಕೊಳ್ಳಬೇಕು ಅನ್ನೋದು ವಿಷಯ. ಉದಾಹರಣೆಗಳನ್ನು ಅಮೆರಿಕದಿಂದ ತಂದಿದ್ದೇನೆ. ಅಲ್ಲಿ ಪ್ರತಿ ರಾಜ್ಯವೂ ಈ ಕಾನೂನನ್ನು ತಾನೇ ಮಾಡಿಕೊಳ್ಳುತ್ತದೆ, ಹಾಗಾಗಿ ಎಲ್ಲಿಯ ಮಾಲೀಕರು ಏನು ಕೇಳಿದರು, ಕೊನೆಗೆ ಅವರ ಕೈಗೆ ಏನು ಬಂತು ಅಂತ ಅಕ್ಕಪಕ್ಕ ಇಟ್ಟು ನೋಡಬಹುದು.

ನಾನು ಹೇಳೋದು ಒಂದೇ ಮಾತು. ಕಾರ್ಮಿಕರ ಎದುರು ಕೂತು ಬರೆಸಿದ ಕಾನೂನು ಬಾಳುತ್ತದೆ. ಅವರ ಬೆನ್ನ ಹಿಂದೆ ಬರೆಸಿದ್ದು ಬಾಳಲ್ಲ.

ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದೆ ಹೇಗಿತ್ತು ನೋಡಿ. ಗರಗಸಕ್ಕೆ ಕೈ ಸಿಕ್ಕಿ ಬೆರಳು ಹೋಯಿತು ಅಂದುಕೊಳ್ಳಿ. ಆ ಕೆಲಸಗಾರ ಕೋರ್ಟಿಗೆ ಹೋಗಿ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಿತ್ತು. ಮಾಲೀಕರ ಕಡೆಯ ವಕೀಲರಿಗೆ ಮೂರು ಉತ್ತರ ಸಿದ್ಧವಿದ್ದವು. ಕೆಲಸ ಅಪಾಯದ್ದು ಅಂತ ಗೊತ್ತಿದ್ದೇ ಸೇರಿದ್ದೀಯ. ಇದರಲ್ಲಿ ನಿನ್ನದೂ ಒಂದಿಷ್ಟು ತಪ್ಪಿದೆ. ಇಲ್ಲವೇ, ತಪ್ಪು ನಿನ್ನ ಪಕ್ಕದಲ್ಲಿ ನಿಂತಿದ್ದವನದು, ಮಾಲೀಕರದಲ್ಲ. ಮೂರರಲ್ಲಿ ಒಂದು ನಿಂತರೂ ಸಾಕು, ಅವನಿಗೆ ಒಂದು ಬಿಡಿಗಾಸೂ ಇಲ್ಲ. ಆದರೆ ಮಾಲೀಕರಿಗೂ ನೆಮ್ಮದಿ ಇರಲಿಲ್ಲ ಅನ್ನೋದನ್ನು ಜನ ಮರೆಯುತ್ತಾರೆ. ಯಾವಾಗಲೋ ಒಮ್ಮೆ ಜ್ಯೂರಿ, ಅಂದರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನರ ಗುಂಪು, ಸಿಟ್ಟಿಗೆದ್ದು ದೊಡ್ಡ ಮೊತ್ತ ಕೊಡಿ ಅಂದುಬಿಟ್ಟರೆ ಸಣ್ಣ ಕಾರ್ಖಾನೆ ಬಾಗಿಲು ಮುಚ್ಚಬೇಕಿತ್ತು.

ಹಾಗಾಗಿ 1910ರ ಹೊತ್ತಿಗೆ ಅಮೆರಿಕದ ತಯಾರಕರ ರಾಷ್ಟ್ರೀಯ ಸಂಘವೇ ಪರಿಹಾರ ಕಾನೂನು ಬೇಕು ಅಂತ ಹೇಳಿತು. ಕಾರ್ಮಿಕ ಸಂಘಗಳನ್ನು ಕಂಡರೆ ಆಗದ ಸಂಘ ಅದು. ಆದರೂ ತನ್ನ ಕಡೆಯಿಂದ ಇಬ್ಬರನ್ನು ಯುರೋಪಿಗೆ ಕಳಿಸಿ, ಜರ್ಮನಿಯಲ್ಲಿ 1884ರ ಕಾನೂನಿನಂತೆ ನಡೆಯುತ್ತಿದ್ದ ಅಪಘಾತ ವಿಮೆ ಹೇಗಿದೆ ಅಂತ ನೋಡಿಸಿಕೊಂಡು ಬಂತು.

ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲ ಮಾಲೀಕರಿಗೂ ಇದು ಗೊತ್ತಿರಬೇಕು. ಅಲ್ಲಿ ಶಾಸಕರ ಒಂದು ಸಮಿತಿ ಮಾಲೀಕರನ್ನೂ ಕಾರ್ಮಿಕ ಒಕ್ಕೂಟವನ್ನೂ ಕರೆಸಿ ಇಬ್ಬರ ಮಾತನ್ನೂ ಕೇಳಿತು. ಕೆಲಸಗಾರರು ಇನ್ನೂ ಜಾಸ್ತಿ ಬೇಕು ಅಂದರು, ಮಾಲೀಕರು ಇದೇ ಜಾಸ್ತಿಯಾಯಿತು ಅಂದರು. ಎಳೆದಾಡಿ ಎಳೆದಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ತಪ್ಪು ಯಾರದು ಅಂತ ಕೇಳೋ ಹಾಗಿಲ್ಲ, ಗಾಯವಾದರೆ ಸಂಬಳದ ನೂರಕ್ಕೆ 65ರಷ್ಟು ಸಿಗಬೇಕು, ಅದಕ್ಕೆ ಬದಲಾಗಿ ಕೆಲಸಗಾರ ಮಾಲೀಕರ ಮೇಲೆ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡಬೇಕು. 1911ರ ಮೇ ತಿಂಗಳಲ್ಲಿ ರಾಜ್ಯಪಾಲ ಮೆಕ್‌ಗವರ್ನ್ ಸಹಿ ಹಾಕಿದರು. ಅದಕ್ಕೆ ಸ್ವಲ್ಪ ಮುಂಚೆ, ಮಾರ್ಚ್ 24ರಂದು, ನ್ಯೂಯಾರ್ಕಿನ ಇಂಥದ್ದೇ ಕಾನೂನನ್ನು ಅಲ್ಲಿನ ಮೇಲಿನ ಕೋರ್ಟು ಹೊಡೆದುಹಾಕಿತ್ತು. ಅದರ ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ವಿಸ್ಕಾನ್ಸಿನ್ ಕಾನೂನೂ ಕೋರ್ಟಿಗೆ ಹೋಯಿತು, ಆದರೆ ಗೆದ್ದು ಉಳಿಯಿತು.

ಆಗ ವಾಸಾ ಅನ್ನೋ ಊರಿನ ಮಾಲೀಕರು ಏನು ಮಾಡಿದರು ಗೊತ್ತಾ? ಮರ ಕೊಯ್ಯುವ ಮಿಲ್ಲು, ಕಾಗದದ ಮಿಲ್ಲುಗಳ ಊರು ಅದು. ಬೆರಳು, ಕೈ ಹೋಗೋದು ಅಲ್ಲಿ ಹೊಸದೇನಲ್ಲ. ಕಾನೂನು ಬಂತಲ್ಲಪ್ಪಾ ಅಂತ ಅವರು ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ತಾವೇ ಸೇರಿ ಒಂದು ವಿಮಾ ಕಂಪನಿ ಕಟ್ಟಿದರು. ಕಾನೂನು ಜಾರಿಗೆ ಬಂದ ಸೆಪ್ಟೆಂಬರ್ ತಿಂಗಳಲ್ಲೇ ಪಕ್ಕದ ಮೊಸಿನಿಯ ಕಾಗದದ ಮಿಲ್ಲಿಗೆ ಮೊದಲ ಪಾಲಿಸಿ ಬರೆದುಕೊಟ್ಟರು. ಕಂಪನಿ ಮಾಲೀಕರದ್ದೇ, ಕಂತಿನ ಹಣವೂ ಅವರದ್ದೇ. ಅಪಘಾತ ಕಡಿಮೆಯಾದರೆ ಉಳಿದ ಹಣ ಅವರಿಗೇ ವಾಪಸ್. ಇಂಥ ಏರ್ಪಾಡಿನಲ್ಲಿ ಗರಗಸಕ್ಕೆ ತಡೆ ಹಾಕಿಸಿ ಅಂತ ಯಾರೂ ಬಂದು ಹೇಳಬೇಕಾಗಿಲ್ಲ ಅಲ್ವಾ? ಆ ಕಂಪನಿ ಮುಂದೆ ದೇಶಕ್ಕೆಲ್ಲ ಗೊತ್ತಾಗುವಷ್ಟು ಬೆಳೆಯಿತು.

ಇವತ್ತಿಗೂ ವಿಸ್ಕಾನ್ಸಿನ್‌ನಲ್ಲಿ ಒಂದು ಸಲಹಾ ಮಂಡಳಿ ಇದೆ. ಅದರಲ್ಲಿ ಮಾಲೀಕರ ಕಡೆಯವರು ಐದು ಜನ, ಕಾರ್ಮಿಕರ ಕಡೆಯವರು ಐದು ಜನ. ವಿಮಾ ಕಂಪನಿಯವರು ಕೂರಬಹುದು, ಮತ ಹಾಕೋ ಹಾಗಿಲ್ಲ. ಕಾನೂನಿಗೆ ತಿದ್ದುಪಡಿ ಬೇಕಾದರೆ ಎರಡೂ ಕಡೆಯವರು ಒಪ್ಪಿದ ಒಂದೇ ಮಸೂದೆಯನ್ನು ಶಾಸನಸಭೆಗೆ ಕಳಿಸುತ್ತಾರೆ, ಅದು ಸಾಮಾನ್ಯವಾಗಿ ಗಲಾಟೆಯಿಲ್ಲದೆ ಪಾಸಾಗುತ್ತದೆ. ಎಡವಿದ್ದು ಎಲ್ಲಿ ಅಂದರೆ ಆಸ್ಪತ್ರೆ ಬಿಲ್ಲಿಗೆ ಮಿತಿ ಹಾಕೋಣ ಅಂದಾಗ. ಮಾಲೀಕರು, ಕಾರ್ಮಿಕರು ಇಬ್ಬರೂ ಒಪ್ಪಿದ್ದರು, ಆಸ್ಪತ್ರೆಯವರೂ ವೈದ್ಯರ ಸಂಘಗಳೂ ಅಡ್ಡ ಬಂದರು, ಶಾಸಕರು ಕೈಬಿಟ್ಟರು. ಮೇಜಿನ ಮುಂದೆ ಇಲ್ಲದವರು ಹೊರಗೆ ನಿಂತು ಕೆಡಿಸಿದರು.

ಇನ್ನು ಒಕ್ಲಹೋಮ, ಬೇಗ ಹೇಳಿ ಮುಗಿಸುತ್ತೇನೆ. 2013ರಲ್ಲಿ ಅಲ್ಲಿ ಒಂದು ಕಾನೂನು ಆಯಿತು. ಮಾಲೀಕರು ಬೇಕೆಂದರೆ ರಾಜ್ಯದ ಪರಿಹಾರ ವ್ಯವಸ್ಥೆಯಿಂದ ಹೊರಗೆ ಬಂದು ತಮ್ಮದೇ ಯೋಜನೆ ಮಾಡಿಕೊಳ್ಳಬಹುದು. ಇದಕ್ಕೆ ಹಿಂದೆ ನಿಂತದ್ದು ದೊಡ್ಡ ಕಂಪನಿಗಳು. ಕೆಲವು ಯೋಜನೆಗಳಲ್ಲಿ ಗಾಯವಾದ 24 ಗಂಟೆಯೊಳಗೆ ಹೇಳದಿದ್ದರೆ ಪರಿಹಾರವೇ ಇಲ್ಲ. ಬೆನ್ನು ನೋವು ಎರಡು ದಿನ ಬಿಟ್ಟು ಜೋರಾದರೆ ಅವನು ಏನು ಮಾಡಬೇಕು? ಶೂ ಡಬ್ಬಗಳನ್ನು ಎತ್ತುವಾಗ ಕುತ್ತಿಗೆ, ಭುಜಕ್ಕೆ ಪೆಟ್ಟಾದ ಅಂಗಡಿಯ ಕೆಲಸಗಾರ್ತಿಯೊಬ್ಬರು ಕೋರ್ಟಿಗೆ ಹೋದರು. 2016ರ ಸೆಪ್ಟೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಕಾನೂನನ್ನು ತೆಗೆದುಹಾಕಿತು. ಒಂದೇ ಬಗೆಯ ಗಾಯಕ್ಕೆ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು ಸರಿಯಲ್ಲ ಅಂದಿತು. ವಕೀಲರಿಗೆ ಕೊಟ್ಟ ಹಣ ಹೋಯಿತು, ಕಾನೂನೂ ಹೋಯಿತು.

ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. 2004ರಲ್ಲಿ ವಿಮಾ ಕಂತು ಏರಿತು ಅಂತ ಪರಿಹಾರವನ್ನು ಜೋರಾಗಿ ಕತ್ತರಿಸಿದರು. 2012ರಲ್ಲಿ ಮಾಲೀಕರೂ ಕಾರ್ಮಿಕ ಸಂಘಗಳೂ ಮತ್ತೆ ಕೂತು ಅದನ್ನು ಏರಿಸಬೇಕಾಯಿತು. ಎದುರು ಕೂತು ಮಾತಾಡಿ ಅಂತ ನಾನು ಮತ್ತೆ ಮತ್ತೆ ಹೇಳ್ತಿರೋದು ಇದಕ್ಕೇ.

ನಮ್ಮ ಕಡೆ ಬರೋಣ. ನಮ್ಮ 1923ರ ಪರಿಹಾರ ಕಾನೂನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಆಗುವ ಅಪಘಾತಕ್ಕೂ ಪರಿಹಾರ ಸಿಗುವ ಹಾಗೆ ಮಾಡಿದ್ದಾರೆ. ಕೆಲಸಕ್ಕೆ ಸಂಬಂಧ ಇದೆ ಅಂತ ಕಾಣಬೇಕು ಅಷ್ಟೇ. ರಾತ್ರಿ ಪಾಳಿಗೆ ಬೈಕಿನಲ್ಲಿ ಬರುವ ಹುಡುಗರಿರುವ ಮಾಲೀಕರು ಇದನ್ನು ಓದಿದ್ದೀರಾ? ಇಎಸ್ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಅದರ ವ್ಯಾಪ್ತಿಯಲ್ಲಿ ಇಲ್ಲದವರಿಗೆ ನೀವೇ ನೇರವಾಗಿ ಹೊಣೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ. ವಿವರದ ನಿಯಮಗಳನ್ನು ರಾಜ್ಯ ಸರ್ಕಾರಗಳೂ ಬರೆಯುತ್ತವೆ. ಕರಡನ್ನು ರಾಜ್ಯಪತ್ರದಲ್ಲಿ ಹಾಕಿ, ಆಕ್ಷೇಪಣೆ ಇದ್ದರೆ ತಿಳಿಸಿ ಅಂತ ಕೇಳುತ್ತಾರೆ. ಆ ದಿನಗಳಲ್ಲಿ ಸುಮ್ನೆ ಇದ್ದು, ಆಮೇಲೆ ಸಂಘದ ಸಭೆಯಲ್ಲಿ ಗೊಣಗಿದರೆ ಯಾರು ಕೇಳ್ತಾರೆ? ಕರಡು ಬಂದ ಕೂಡಲೇ ನಿಮ್ಮ ಕೆಲಸಗಾರರನ್ನು ಕೂರಿಸಿಕೊಂಡು ಓದಿ. ಇಬ್ಬರೂ ಒಪ್ಪಿದ್ದನ್ನು ಒಂದೇ ಕಾಗದದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ ಕಾರ್ಮಿಕ ಇಲಾಖೆಗೆ ಕಳಿಸಿ. ಸಣ್ಣ ಘಟಕಗಳೆಲ್ಲ ಸೇರಿ ಒಟ್ಟಿಗೆ ವಿಮೆ ಮಾಡಿಸುವ ದಾರಿ ಬೇಕು ಅನ್ನೋದನ್ನು ಆ ಕಾಗದದಲ್ಲಿ ಮೊದಲು ಬರೆಯಿರಿ. ನಮಸ್ಕಾರ.