ಕಾನೂನಿಗೆ ಇದು ಬಂದೂಕೇ ಅಲ್ಲ

ಒಂದು ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಮನೆಗೆ ಬಂದರೆ ಬಾಗಿಲ ಹತ್ತಿರ ಎರಡು ಪಾರ್ಸೆಲ್. ಒಂದರಲ್ಲಿ ಮಗಳ ಸ್ಕೂಲ್ ಶೂ. ಇನ್ನೊಂದರಲ್ಲಿ ಎರಡು ಕೆಜಿ ತೂಕದ, ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದದ ರಿವಾಲ್ವರ್. ಕೊರಿಯರ್‌ನವನು ಶೂ ಡಬ್ಬವನ್ನ ಅದರ ಮೇಲೇ ಇಟ್ಟು ಹೋಗಿದ್ದ.

ನಾನಿರೋದು ಟೆಕ್ಸಾಸ್‌ನಲ್ಲಿ. ಆ ರಿವಾಲ್ವರ್ ಕೋಲ್ಟ್ ವಾಕರ್, ಅಂದರೆ 1847ರದ್ದರ ಪಡಿಯಚ್ಚು. ಇಟಲಿಯ ಬ್ರೆಷಿಯಾ ಕಡೆ ಊಬರ್ಟಿ ಅನ್ನೋ ಕಂಪನಿಯವರು ಮಾಡೋದು. ಲೈಸನ್ಸ್ ಇಲ್ಲ, ಹಿನ್ನೆಲೆ ತಪಾಸಣೆ ಇಲ್ಲ. 1968ರ ಅಮೆರಿಕದ ಬಂದೂಕು ಕಾನೂನಿನ ಪ್ರಕಾರ 1898 ಅಥವಾ ಅದಕ್ಕೆ ಮೊದಲು ತಯಾರಾದದ್ದು ಪುರಾತನ ವಸ್ತು. ಅದರ ನಕಲೂ ಅಷ್ಟೇ, ಈಗಿನ ತೋಟೆ ಹಾಕಿ ಹೊಡೆಯೋ ಹಂಗಿರಬಾರದು. ಕರಿಮದ್ದು, ಸೀಸದ ಗುಂಡು, ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಟೋಪಿಯಂಥ ಕೇಪು, ಇವನ್ನ ಬೇರೆ ಬೇರೆ ತುಂಬಿದರೆ ಅದು ಕಾನೂನಿನ ಕಣ್ಣಲ್ಲಿ ಬಂದೂಕೇ ಅಲ್ಲ. ನ್ಯೂಜೆರ್ಸಿಯಂಥ ರಾಜ್ಯಗಳು ಇದನ್ನ ಒಪ್ಪಲ್ಲ. ಟೆಕ್ಸಾಸ್ ಒಪ್ಪುತ್ತೆ.

ನನ್ನ ತಕರಾರು ಇಲ್ಲೇ ಶುರುವಾಗೋದು. ಮಲೆನಾಡಿನ ನಮ್ಮ ಮನೇಲಿ ಅಜ್ಜಯ್ಯನ ಕಾಲದ ಒಂದು ಕೇಪಿನ ಕೋವಿ ಇದೆ. ಗದ್ದೆಗೆ ಬರೋ ಹಂದಿಗೆ ಅಂತ ಬೆಳೆ ರಕ್ಷಣೆ ಲೈಸನ್ಸ್ ಮೇಲೆ ಇಟ್ಟುಕೊಂಡಿರೋದು. ಮದ್ದು ಸುರಿ, ಗಜದ ಸರಳಲ್ಲಿ ಜಡಿ, ಕೇಪು ಇಡು, ಕುದುರೆ ಎಳಿ. ನನ್ನ ಪಾರ್ಸೆಲ್‌ನಲ್ಲಿ ಬಂದದ್ದೂ ಅದೇ ವಿದ್ಯೆ, ಒಂದು ಈಡಿನ ಬದಲು ಆರು. ಆ ಕೋವಿ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂತು ರಸೀದಿ ತಗೊಂಡು ಬರುತ್ತೆ. ಇದು ಶೂ ಜೊತೆ ಬಾಗಿಲಿಗೆ ಬರುತ್ತೆ.

ಹಂಗಂತ ಇದನ್ನ ನಿಷೇಧಿಸಿ ಅಂತ ನಾನು ಹೇಳ್ತಿಲ್ಲ. ನಾನೇ ದುಡ್ಡು ಕೊಟ್ಟು ತಗೊಂಡವನು. ಕಾನೂನು ಬಂದೂಕಲ್ಲ ಅಂದಿದ್ದನ್ನ ಕೇಳಿಕೊಂಡು ನಾವೂ ಅದನ್ನ ಆಟಿಕೆ ಅಂದುಕೊಂಡುಬಿಡ್ತೀವಲ್ಲ, ನನ್ನ ಜಗಳ ಅದರ ಜೊತೆ.

ಈ ವಾಕರ್ ಹುಟ್ಟಿದ್ದೇ ಆಟಕ್ಕಲ್ಲ. ಸ್ಯಾಮ್ಯುಯಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ತಗೊಂಡು, ನ್ಯೂಜೆರ್ಸಿಯ ಪ್ಯಾಟರ್ಸನ್ ಊರಲ್ಲಿ ಐದು ಗುಂಡಿನ ರಿವಾಲ್ವರ್ ಮಾಡಿ, 1842ರ ಹೊತ್ತಿಗೆ ದಿವಾಳಿ ಎದ್ದಿದ್ದ. ಅದೇ ಹಳೇ ರಿವಾಲ್ವರ್ ಹಿಡಿದು ಟೆಕ್ಸಾಸ್ ರೇಂಜರ್‌ಗಳು, ಅಂದರೆ ಗಡಿ ಕಾಯೋ ಕುದುರೆ ಪಡೆಯವರು, 1844ರಲ್ಲಿ ತಮಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಕಮ್ಯಾಂಚಿ ಮೂಲನಿವಾಸಿಗಳ ಜೊತೆ ಕಾದಾಡಿದ್ದರು. ಆ ಗುಂಪಿನಲ್ಲಿದ್ದ ಸ್ಯಾಮ್ಯುಯಲ್ ವಾಕರ್ ಮೆಕ್ಸಿಕೋ ಯುದ್ಧದ ಹೊತ್ತಿಗೆ ಕೋಲ್ಟ್‌ನ ಹತ್ತಿರ ಕೇಳಿದ್ದು ಅದಕ್ಕಿಂತ ದೊಡ್ಡದು, ಆರು ಗುಂಡಿನದು. ಸರ್ಕಾರ ಸಾವಿರ ಬೇಕು ಅಂತು. ಕೋಲ್ಟ್ ಹತ್ತಿರ ಕಾರ್ಖಾನೆಯೇ ಇಲ್ಲ! ಕನೆಕ್ಟಿಕಟ್‌ನಲ್ಲಿ ಎಲೈ ವಿಟ್ನಿ ಜೂನಿಯರ್ ಕಾರ್ಖಾನೆಯಲ್ಲಿ ಮಾಡಿಸಿದ. ಸೈನ್ಯಕ್ಕೆ ಸಾವಿರ, ಹೊರಗಿನವರಿಗೆ ನೂರು. ವಾಕರ್ 1847ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಊಆಮಾಂತ್ಲಾದಲ್ಲಿ ಸತ್ತ.

ಎರಡು ಕೆಜಿ ಅಂದೆನಲ್ಲ, ಇದನ್ನ ಸೊಂಟಕ್ಕೆ ಕಟ್ಟುತ್ತಿರಲಿಲ್ಲ. ಕುದುರೆಯ ಜೀನಿಗೆ ತೂಗುಹಾಕುತ್ತಿದ್ದರು. ನಳಿಗೆಯೇ ಒಂಬತ್ತು ಇಂಚು. ಗುಂಡು ತುಂಬೋ ತಿರುಗುವ ಸಿಲಿಂಡರಿನ ಒಂದೊಂದು ಕೋಣೆಗೆ 60 ಗ್ರೇನ್ ಮದ್ದು, ಹತ್ತಿರ ಹತ್ತಿರ ನಾಲ್ಕು ಗ್ರಾಂ. ಅವತ್ತಿನ ಕಬ್ಬಿಣ ಅದನ್ನ ತಡ್ಕೊಳ್ಳಲಿಲ್ಲ, ಸಿಲಿಂಡರ್‌ಗಳು ಸಿಡಿದವು. 1848ರಲ್ಲಿ ಬಂದ ಡ್ರಗೂನ್ ಅನ್ನೋ ಮುಂದಿನ ಮಾಡೆಲ್‌ನಲ್ಲಿ ಕೋಲ್ಟ್ ಸಿಲಿಂಡರ್ ಗಿಡ್ಡ ಮಾಡಿದ, ಮದ್ದು ಇಳಿಸಿದ. ಇವತ್ತಿನ ಉಕ್ಕು ಗಟ್ಟಿ, ಒಪ್ಪಿದೆ. ಆದರೂ ಮೊದಲ ದಿನವೇ 60 ತುಂಬಿ ವಿಡಿಯೋ ಮಾಡೋ ಗಂಡಸರನ್ನ ಕಂಡರೆ ನನಗೆ ನಗು ಬರುತ್ತೆ. ಹೊಗೆ ಜಾಸ್ತಿ ಬರುತ್ತೆ ಅಷ್ಟೇ, ಗುಂಡು ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ನಾನು ಹಾಕೋದು 40. ಖಾಲಿ ಉಳಿದ ಜಾಗಕ್ಕೆ ಏನು ಹಾಕ್ತೀನಿ ಗೊತ್ತಾ? ರವೆ. ಉಪ್ಪಿಟ್ಟಿನ ರವೆ. ಇಲ್ಲಿನ ಹಳಬರೂ ಅದನ್ನೇ ಹಾಕೋದು, ಹೆಸರು ಬೇರೆ ಅಷ್ಟೇ. ಗುಂಡಿಗೂ ಮದ್ದಿಗೂ ನಡುವೆ ಸಂದು ಉಳೀಬಾರದು. ಗುಂಡು ಕೋಣೆಯ ಬಾಯಿಗಿಂತ ಒಂದು ಕೂದಲಷ್ಟು ದೊಡ್ಡದು. ನಳಿಗೆಯ ಕೆಳಗಿರೋ, ಗುಂಡು ಒಳಗೆ ತಳ್ಳೋ ಸನ್ನೆ ಒತ್ತಿದಾಗ ಅಂಚಿನಲ್ಲಿ ಸೀಸ ಕೆತ್ತಿಕೊಂಡು ಒಂದು ಸಣ್ಣ ಉಂಗುರ ಉದುರುತ್ತೆ. ಅದು ಉದುರಿದರೆ ಗುಂಡು ಬಿಗಿಯಾಗಿದೆ ಅಂತ. ಮೇಲೆ ಜೇನುಮೇಣ ಎಣ್ಣೆ ಕಲಸಿದ ಮುಲಾಮು. ಹಿಂದಿನಿಂದ ಕೇಪು, ಅದು ಕೊನೆಗೆ, ಗುರಿಯ ಕಡೆ ಮುಖ ಮಾಡಿದ ಮೇಲೆ. ಆರು ತುಂಬೋಕೆ ನನಗೆ ಹತ್ತು ನಿಮಿಷ ಬೇಕು. ಹೊಡೆಯೋಕೆ ಅರ್ಧ ನಿಮಿಷ.

ಈ ಬಿಗಿತಕ್ಕೆ ಕಾರಣ ಇದೆ. ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ಹಾರಿದರೆ, ನಳಿಗೆಯ ಎದುರಿಗೇ ಇಲ್ಲದ ಗುಂಡೂ ಹೊರಡುತ್ತೆ. ಮುಂದಿನಿಂದ ಹಾರುತ್ತೋ, ಸಡಿಲ ಕೇಪಿನ ಕಡೆಯಿಂದ ಹಿಂದಿನಿಂದ ಹಾರುತ್ತೋ ಅಂತ ಜನ ಗಂಟೆಗಟ್ಟಲೆ ವಾದ ಮಾಡ್ತಾರೆ. ನಾನು ಎರಡೂ ಕಡೆ ಬಿಗಿ ಮಾಡ್ತೀನಿ, ವಾದ ಮಾಡೋರು ಮಾಡಲಿ.

ಒಂದು ಭಾನುವಾರ ಶೂಟಿಂಗ್ ರೇಂಜ್‌ನಲ್ಲಿ ಪಕ್ಕದ ಮೇಜಿನವನು ಕೇಪು ಹಾಕಿದ ರಿವಾಲ್ವರನ್ನ ಮೇಜಿನ ಮೇಲೆ ನಮ್ಮ ಕಡೆಗೇ ಮೂತಿ ಮಾಡಿ ಇಟ್ಟು ಕಾಫಿ ತರೋಕೆ ಹೋದ. ವಾಪಸ್ ಬಂದಾಗ ಹೇಳಿದೆ. "ಅಯ್ಯೋ ಇದು ಆಂಟೀಕ್ ಕಣಯ್ಯ" ಅನ್ನೋ ಧಾಟಿಯಲ್ಲಿ ನಕ್ಕ. ಕೈಯಲ್ಲಿ ಈಗಿನ ಪಿಸ್ತೂಲ್ ಇದ್ದಿದ್ದರೆ ಅವನೇ ಹಂಗೆ ಇಡ್ತಿರಲಿಲ್ಲ. 1935ರಲ್ಲಿ .357 ಮ್ಯಾಗ್ನಮ್ ಅನ್ನೋ ತೋಟೆ ಬರೋವರೆಗೂ ಕೈಬಂದೂಕಲ್ಲಿ ಇದರಷ್ಟು ಜೋರಿನದು ಇರಲಿಲ್ಲ ಅಂತ ಹೇಳ್ತಾರೆ. ಅದಕ್ಕೆ ಆಂಟೀಕ್ ಅನ್ನೋ ಹೆಸರು ಕೊಟ್ಟ ತಕ್ಷಣ ಕೈ ಸಡಿಲ ಆಗುತ್ತೆ.

ಹೊಸಬರು ಕೇಳಿದರೆ ವಾಕರ್ ಬೇಡ ಅಂತೀನಿ. 1860ರ ಆರ್ಮಿ ಮಾಡೆಲ್ ತಗೊಳ್ಳಿ, ಒಂದೂಕಾಲು ಕೆಜಿ ಒಳಗೇ ಇದೆ, ಕೈ ನೋಯಲ್ಲ. ವಾಕರ್‌ನ ರೋಗಗಳು ಒಂದೆರಡಲ್ಲ. ಒಂದೊಂದು ಈಡಿಗೂ ಸನ್ನೆ ಕಳಚಿ ಕೆಳಗೆ ಜೋತುಬಿದ್ದು ಸಿಲಿಂಡರ್ ಕಚ್ಚಿಕೊಳ್ಳುತ್ತೆ. ಹಿಂದೆ ತೊಗಲಿನ ದಾರ ಕಟ್ಟುತ್ತಿದ್ದರಂತೆ. ನಾನು ಮಗಳ ಜುಟ್ಟಿನ ರಬ್ಬರ್ ಬ್ಯಾಂಡ್ ಹಾಕ್ತೀನಿ, ಗುಲಾಬಿ ಬಣ್ಣದ್ದು.

ಆಮೇಲೆ ತೊಳೆಯೋದು. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಮಸಿ, ಉಪ್ಪಾಗಿ ಉಳಿಯುತ್ತೆ. ಅದು ಗಾಳಿಯ ನೀರು ಹೀರಿಕೊಂಡು ಬೇಗ ತುಕ್ಕು ತರುತ್ತೆ. ಬೆಣೆ ಹೊಡೆದು ತೆಗೆದರೆ ನಳಿಗೆ, ಸಿಲಿಂಡರ್, ಹಿಡಿ ಮೂರೂ ಬೇರೆ. ಬಿಸಿನೀರು, ಸೋಪು. ಕೊಳೆತ ಮೊಟ್ಟೆಯ ವಾಸನೆ. ಮೊದಮೊದಲು ಅಡುಗೆಮನೆ ಸಿಂಕಲ್ಲೇ ತೊಳೀತಿದ್ದೆ. ಹೆಂಡತಿ ಒಂದು ದಿನ, "ಸೀಸ ತೊಳೆದ ಸಿಂಕಲ್ಲಿ ನಾನು ಸೊಪ್ಪು ತೊಳೀಬೇಕಾ?" ಅಂದಳು. ಉತ್ತರ ಇರಲಿಲ್ಲ. ಈಗ ಹಿತ್ತಿಲಲ್ಲಿ ಅದಕ್ಕೇ ಅಂತ ಒಂದು ಬಕೆಟ್. ಒಣಗಿಸಿ, ಎಣ್ಣೆ ಹಚ್ಚಿ, ಕಬ್ಬಿಣದ ಪೆಟ್ಟಿಗೇಲಿ ಇಟ್ಟು ಬೀಗ. ಕೇಪು, ಮದ್ದು ಬೇರೆ ಕಡೆ. ಕಾನೂನು ಕೇಳದಿದ್ದರೂ ಬೀಗ.

ಅಪ್ಪಯ್ಯನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಲೈಸನ್ಸ್ ಎಷ್ಟು ದಿನಕ್ಕಾಯ್ತು ಅಂದರು. ಬೇಕಿಲ್ಲ ಅಂದೆ. ಸ್ವಲ್ಪ ಸುಮ್ಮನಿದ್ದು, "ಹಂಗಾರೆ ಎಲೆಕ್ಷನ್ ಬಂದಾಗ ಎಲ್ಲಿ ಕೊಟ್ಟು ಬರ್ತೀಯ?" ಅಂದರು.