ಕಲ್ಲಿಗೆ ಅಲ್ಲ, ಅಂಚಿಗೆ ಹೊಡಿ

ಎಲ್ಲರಿಗೂ ನಮಸ್ಕಾರ.

ಮೊದಲು ಮೇಜಿನ ಮೇಲಿರುವ ಈ ಗೋಣಿಚೀಲದ ಬಗ್ಗೆ ಹೇಳಿಬಿಡುತ್ತೇನೆ. ಹೋದ ತಿಂಗಳು ನಾಲ್ಕು ಜನ ಕಾಲೇಜು ಹುಡುಗರು ಇದನ್ನು ನಮ್ಮ ಮನೆಗೆ ಹೊತ್ತು ತಂದರು. ಮಲಪ್ರಭೆಯ ದಂಡೆಯಲ್ಲಿ ಆರಿಸಿದ ಕೈಗೊಡಲಿಗಳು, ಅಂದರೆ ಆದಿಮಾನವರು ಕೈಯಲ್ಲಿ ಹಿಡಿಯಲು ಕೆತ್ತಿದ ಕಲ್ಲಿನ ಆಯುಧಗಳು. ಒಟ್ಟು ಹನ್ನೊಂದು. ಹುಡುಗರ ಉತ್ಸಾಹ ನೋಡಿ ಖುಷಿಯಾಯಿತು. ಆದರೆ ಯಾವ ಕಲ್ಲು ಎಲ್ಲಿ ಬಿದ್ದಿತ್ತು ಅಂತ ಕೇಳಿದೆ ನೋಡಿ, ಒಬ್ಬರಿಗೂ ನೆನಪಿಲ್ಲ. ಎದೆ ಧಸಕ್ಕೆಂದಿತು. ಜಾಗ ಗೊತ್ತಿಲ್ಲದ ಕೈಗೊಡಲಿ ಸರ್ವೆ ನಂಬರ್ ಇಲ್ಲದ ಉತಾರ ಇದ್ದ ಹಾಗೆ. ಯಾವ ಕೆಲಸಕ್ಕೂ ಬರುವುದಿಲ್ಲ.

ಅದಕ್ಕೇ ಇವತ್ತು ನಾನು ಹೇಳುವುದು ಒಂದೇ ಮಾತು. ಕಲ್ಲಿನ ಆಯುಧ ಬೇಕು ಅನ್ನಿಸಿದರೆ ಆರಿಸಬೇಡಿ, ಮಾಡಿ.

ನಮ್ಮ ಜಿಲ್ಲೆಯ ಕಥೆ ನಿಮಗೆ ಗೊತ್ತಿರುವುದೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಮೊದಲ ಕಲ್ಲಿನ ಆಯುಧ ಗುರುತಿಸಿದರು. ಆಮೇಲೆ ನಮ್ಮ ಹೊಳೆಗಳ ಕಡೆಗೂ ಬಂದರು. ಬಾದಾಮಿ ತಾಲ್ಲೂಕಿನ ಖ್ಯಾಡ, ಘಟಪ್ರಭೆಯ ಅನಗವಾಡಿ, ಇವೆಲ್ಲ ಪುರಾತತ್ವ ಓದುವವರಿಗೆ ಬಾಯಿಪಾಠ. ಅಲ್ಲೆಲ್ಲ ಕ್ವಾರ್ಟ್ಜೈಟ್ ಅನ್ನುವ ಗಟ್ಟಿ ಕಲ್ಲಿನ ಕೈಗೊಡಲಿಗಳು ಸಿಕ್ಕಿವೆ. ಅವು ಬಹಳ ಹಳೆಯವು, ದಪ್ಪನೆಯವು. ಬಾಣದ ಮೊನೆ ಬಂದಿದ್ದು ಎಷ್ಟೋ ಕಾಲ ಆದಮೇಲೆ.

ಈಗ ಒಂದು ಕಥೆ. ಸ್ವಲ್ಪ ಉದ್ದ, ಸೈರಿಸಿಕೊಳ್ಳಿ.

ನಾನು ಸಣ್ಣವನಿದ್ದಾಗ ನಮ್ಮೂರಿಗೆ ಒಬ್ಬ ಮುತ್ಯಾ ಬರುತ್ತಿದ್ದ. ಸವೆದ ಬೀಸುಕಲ್ಲನ್ನು ಚಾಣದಿಂದ ತಟ್ಟಿ ಮತ್ತೆ ಒರಟು ಮಾಡಿಕೊಡುವುದು ಅವನ ಕೆಲಸ. ಅಂಗಳದಲ್ಲಿ ತಟ್ಟು ಹಾಸಿಕೊಂಡು ಕೂತನೆಂದರೆ ಟಕ್ ಟಕ್ ಟಕ್, ಮಧ್ಯಾಹ್ನದವರೆಗೂ ಒಂದೇ ಲಯ. ನಾನು ಪಕ್ಕದಲ್ಲಿ ಕೂತು ಒಂದು ಚಕಮಕಿ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಜಜ್ಜುತ್ತಿದ್ದೆ. ನಡುವೆ ಬಲವಾಗಿ ಹೊಡೆದರೆ ಪುಡಿ ಹಾರುತ್ತಿತ್ತು, ಅಷ್ಟೇ. ಮುತ್ಯಾ ಒಂದಷ್ಟು ಹೊತ್ತು ನೋಡಿದ. ಆಮೇಲೆ ಅಂದ: "ತಮ್ಮಾ, ನೀ ಕಲ್ಲಿಗಿ ಹೊಡ್ಯಾಕತ್ತಿ. ಅಂಚಿಗಿ ಹೊಡಿ." ನನ್ನ ಕೈಯಲ್ಲಿದ್ದ ಕಲ್ಲು ತಗೊಂಡ. ಸ್ವಲ್ಪ ವಾಲಿಸಿ ಹಿಡಿದ. ಅಂಚಿನಿಂದ ಜೋಳದ ಕಾಳಿನಷ್ಟು ಒಳಗೆ ಒಂದು ಪೆಟ್ಟು, ಅದೂ ಜೋರಿಲ್ಲ. ಕೆಳಗಿನಿಂದ ಒಂದು ಚಕ್ಕೆ ಕಳಚಿ ಅವನ ಅಂಗೈಗೇ ಬಿತ್ತು. ಅದರಿಂದ ನನ್ನ ಚಡ್ಡಿಯ ದಾರ ಕೊಯ್ದು ತೋರಿಸಿದ. ಚಡ್ಡಿ ಹಿಡಿದುಕೊಂಡು ಮನೆಗೆ ಓಡಿದೆ. ಅವ್ವ ಇಬ್ಬರಿಗೂ ಬೈದಳು.

ಮುತ್ಯಾ ಹೇಳಿದ್ದನ್ನೇ ವಿಜ್ಞಾನವೂ ಹೇಳುತ್ತದೆ. ನೀವು ಹೊಡೆಯುವ ಮೇಲ್ಮೈಗೂ ಪಕ್ಕದ ಮೇಲ್ಮೈಗೂ ನಡುವೆ 90 ಡಿಗ್ರಿಗಿಂತ ಕಡಿಮೆ ಕೋನ ಇರಬೇಕು. ಇದ್ದರೆ ಸಣ್ಣ ಪೆಟ್ಟೂ ಸಾಕು. ಇಲ್ಲದಿದ್ದರೆ ಭೀಮ ಬಂದರೂ ಚಕ್ಕೆ ಏಳದು. ಇನ್ನೊಂದು ಮಾತು. ಅಂಚು ತೀರಾ ತೆಳ್ಳಗಿದ್ದರೆ ಪೆಟ್ಟು ತಡೆಯದೆ ಪುಡಿಯಾಗುತ್ತದೆ. ಹೊಡೆಯುವ ಮುಂಚೆ ಅದನ್ನು ಒರಟು ಕಲ್ಲಿಗೆ ಉಜ್ಜಿ ಸ್ವಲ್ಪ ಮೊಂಡು ಮಾಡಬೇಕು. ಹರಿತ ಬೇಕು ಅಂತಲೇ ಕೂತವನು ಮೊದಲು ಹರಿತ ಕಳೆಯಬೇಕು! ಹೊಸಬರು ಸೋಲುವುದು ಜಾಸ್ತಿ ಇಲ್ಲೇ.

ಇಗೋ, ಈ ಚಕ್ಕೆ ನೋಡಿ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಹುಷಾರು, ಬ್ಲೇಡಿಗಿಂತ ಕಡಿಮೆಯಿಲ್ಲ. ಪೆಟ್ಟು ಬಿದ್ದ ಕಡೆ ಒಂದು ಸಣ್ಣ ಉಬ್ಬು ಇದೆ, ಬೆರಳಿಗೆ ಸಿಗುತ್ತದೆ. ಅಲ್ಲಿಂದ ಬಾವಿಯ ನೀರಿನಂತೆ ಅಲೆ ಅಲೆ. ತಾನಾಗಿ ಒಡೆದ ಕಲ್ಲಿನಲ್ಲಿ ಇದು ಹೀಗೆ ಸಾಲಾಗಿ, ಲೆಕ್ಕಾಚಾರದಿಂದ ಬರುವುದಿಲ್ಲ. ಒಂದು ನೂರು ಚಕ್ಕೆ ಎಬ್ಬಿಸಿದವನು ಹೊಲದಲ್ಲಿ ನಡೆಯುವಾಗಲೇ ಇದನ್ನು ಗುರುತಿಸುತ್ತಾನೆ, ಮುಟ್ಟದೇ ಗುರುತಿಸುತ್ತಾನೆ. ಅದಕ್ಕೇ ಹೇಳಿದ್ದು, ಮಾಡಿ ಅಂತ.

ಆ ಚಕ್ಕೆಯಿಂದ ಬಾಣದ ಮೊನೆ ಮಾಡುವುದು ಎರಡನೇ ಹಂತ. ಅಲ್ಲಿ ಹೊಡೆತ ಇಲ್ಲ, ಒತ್ತುವುದು. ಬೇರೆ ದೇಶದವರು ಜಿಂಕೆ ಕೋಡಿನ ತುದಿ ಬಳಸುತ್ತಾರೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಇದೆ, ಉದುರಿದ ಕೋಡು ಕೂಡ ಇಟ್ಟುಕೊಳ್ಳುವಂತಿಲ್ಲ. ದಪ್ಪ ತಾಮ್ರದ ತಂತಿಯನ್ನು ಮರದ ಹಿಡಿಗೆ ಸಿಕ್ಕಿಸಿಕೊಳ್ಳಿ, ಸಾಕು. ಅಂಗೈ ಮೇಲೆ ದಪ್ಪ ಚರ್ಮ, ಅದರ ಮೇಲೆ ಚಕ್ಕೆ. ತಂತಿಯ ತುದಿ ಅಂಚಿಗಿಟ್ಟು ಮೊದಲು ಒಳಕ್ಕೆ ಒತ್ತಿ, ಆಮೇಲೆ ಕೆಳಕ್ಕೆ. ಟಿಕ್ ಅಂತ ಮೀನಿನ ಪೊರೆಯಂಥ ಚೂರು ಏಳುತ್ತದೆ. ಇಲ್ಲೂ ಮತ್ತೆ ಅಂಚೇ ಎಲ್ಲ, ಅಲ್ವಾ?

ಕಲ್ಲು ಸಿಗದಿದ್ದರೆ ಬಾಟಲಿಯ ತಳ ಆಗುತ್ತದೆ. ಅಮೆರಿಕದಲ್ಲಿ ಯಾಹಿ ಜನರಲ್ಲಿ ಕೊನೆಗೆ ಉಳಿದವನು ಇಶಿ. 1911ರಲ್ಲಿ ಕಾಡಿನಿಂದ ಊರಿಗೆ ಬಂದ. 1916ರಲ್ಲಿ ತೀರಿಕೊಳ್ಳುವವರೆಗೂ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿನಲ್ಲಿದ್ದ. ಅಲ್ಲಿ ಕೂತು ಬಾಟಲಿ ಗಾಜಿನಿಂದ ಮೊನೆ ಮಾಡುತ್ತಿದ್ದ. ತನ್ನವರೆಲ್ಲ ಹೋದಮೇಲೂ ಕೈ ಮರೆತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಕಡೆಯ ಹಳೇ ಮೊನೆಗಳು ಆ ಥರ ಇಲ್ಲ. ಚೆರ್ಟು ಅನ್ನುವ ಚಕಮಕಿಯಂಥ ಕಲ್ಲು, ಬೆಣಚುಕಲ್ಲು, ಇವುಗಳ ಸಣ್ಣ ಸಣ್ಣ ಅಲಗುಗಳು. ಉಗುರಿನಷ್ಟು. ಒಂದು ಬದಿ ಬೇಕಂತಲೇ ಮೊಂಡು ಮಾಡಿ, ಮರದ ಕಡ್ಡಿಗೆ ಅಂಟಿನಿಂದ ಕೂರಿಸುತ್ತಿದ್ದರು. ಬಾದಾಮಿಯ ಶಿಡ್ಲಫಡಿ ಕಲ್ಲಾಸರೆಗೆ ಹೋದವರು...

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ. ಅಂಟು, ನಾರು, ಕಲ್ಲನ್ನು ಬಿಸಿ ಮಾಡುವುದು, ಇವೆಲ್ಲ ಬಿಡುತ್ತೇನೆ. ಆದರೆ ಎರಡು ಮಾತು ಬಿಡುವುದಿಲ್ಲ.

ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬಯಲಲ್ಲಿ ಕೂತೇ ಮಾಡಿ, ಮೂಗು ಬಾಯಿಗೆ ಧೂಳು ತಡೆಯುವ ಮಾಸ್ಕ್ ಹಾಕಿ. ಕಲ್ಲಿನ ಧೂಳು ಎದೆಗೂಡಿಗೆ ಹೋದರೆ ವಾಪಸ್ ಬರುವುದಿಲ್ಲ. ಕ್ವಾರಿಯಲ್ಲಿ ದುಡಿದವರ ಕೆಮ್ಮು ಈ ಊರಿಗೆ ಹೊಸದಲ್ಲ.

ಇನ್ನೊಂದು: ನೀವು ಎಬ್ಬಿಸಿದ ಚೂರನ್ನು ಹೊಳೆ ದಂಡೆಯಲ್ಲಿ ಚೆಲ್ಲಬೇಡಿ. ನೂರು ವರ್ಷ ಬಿಟ್ಟು ಯಾರೋ ಅದನ್ನು ಹಳೆಯದು ಅಂದುಕೊಳ್ಳುತ್ತಾರೆ. ಎಲ್ಲ ಗುಡಿಸಿ ಒಂದು ಕುಣಿಗೆ ಹಾಕಿ. ತಳದಲ್ಲಿ ಈ ವರ್ಷದ ಒಂದು ರೂಪಾಯಿ ನಾಣ್ಯ ಇಡಿ.

ಈ ಚೀಲ ತಂದ ಹುಡುಗರು ಹಿಂದಿನ ಸಾಲಿನಲ್ಲೇ ಇದ್ದಾರೆ. ತಲೆ ತಗ್ಗಿಸಬೇಡ್ರಪ್ಪಾ. ನಾಳೆ ಬೆಳಿಗ್ಗೆ ಏಳಕ್ಕೆ ನಮ್ಮ ಮನೆ ಅಂಗಳಕ್ಕೆ ಬನ್ನಿ. ಒಡೆದ ಬಾಟಲಿ ತಳ, ಚಪ್ಪಲಿಯ ಹಳೇ ಚರ್ಮ, ತಾಮ್ರದ ತಂತಿ ತನ್ನಿ. ಬೇರೆಯವರೂ ಬರಬಹುದು. ಚಹಾ ನನ್ನದು.