ಸೇನಬೋವ, ಶಾನುಭೋಗ, ಶಾನುಭಾಗ

ಕೇಳುಗರಿಗೆ ನಮಸ್ಕಾರ.

ಕರಾವಳಿಯಲ್ಲಿ ಶಾನುಭಾಗ, ಶಾನಭಾಗ ಎಂಬ ಅಡ್ಡಹೆಸರು ಕೇಳದವರಿಲ್ಲ. ಹಳೇ ಮೈಸೂರಿನ ಕಡೆ ಅದೇ ಮಾತು ಶಾನುಭೋಗ. ಹಿಂದೆ ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುವುದು ಶಾನುಭೋಗರ ಕೆಲಸವಾಗಿತ್ತು.

ಈ ಪದ ಬಿಡಿಸಲು ಹೊರಟವರು ಸಾಮಾನ್ಯವಾಗಿ ಕೊನೆಯ 'ಭೋಗ'ವನ್ನೇ ಹಿಡಿಯುತ್ತಾರೆ. ಊರಿನ ಉತ್ಪತ್ತಿಯನ್ನು ಭೋಗಿಸುವವನು ಅನ್ನುತ್ತಾರೆ. ದಾರಿ ತಪ್ಪುವುದು ಅಲ್ಲೇ. ಹಳೆಯ ಶಾಸನಗಳಲ್ಲಿರುವ ರೂಪ ಸೇನಬೋವ. ದಾನದ ವಿವರ, ಗದ್ದೆಯ ಎಲ್ಲೆ, ದಾನವನ್ನು ಅಳುಪಿದವರಿಗೆ, ಅಂದರೆ ಕೆಡಿಸಿದವರಿಗೆ, ಶಾಪ, ಎಲ್ಲ ಮುಗಿದ ಮೇಲೆ ಬರೆದ ಸೇನಬೋವನ ಹೆಸರು ಬರುವುದುಂಟು. ಬೋವ ಎಂಬುದರ ಅರ್ಥ ಬಳಕೆಯಲ್ಲಿ ಮಸುಕಾದಂತೆ, ಎಲ್ಲರಿಗೂ ಗೊತ್ತಿದ್ದ ಭೋಗ ಅದರ ಜಾಗಕ್ಕೆ ಬಂದು ಕೂತಿತು ಎಂಬುದೇ ಒಪ್ಪತಕ್ಕ ವಿವರಣೆ.

ಶಾನುಭೋಗರ ಲೆಕ್ಕದ ಪುಸ್ತಕ ಕಡತ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ ತೆಗೆದುಕೊಂಡು, ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿಯುತ್ತಿದ್ದರು. ಪೂರ್ತಿ ಒಣಗಿದ ಮೇಲೆ, ಕತ್ತರಿಸದೆ, ಸಮ ಅಳತೆಯಲ್ಲಿ ಹಿಂದೆ ಮುಂದೆ ಮಡಿಚಿ, ಎರಡು ತುದಿಗೂ ಮರದ ಹಲಗೆ ಕೂಡಿಸಿದರೆ ಕಡತ ಸಿದ್ಧ. ಕಪ್ಪು ಮೈಮೇಲೆ ಬಳಪದ ಬಿಳಿ ಅಕ್ಷರ. ಅಳಿಸಿ ಮತ್ತೆ ಬರೆಯಬಹುದು. ಅನುಕೂಲವೂ ಅದೇ, ಅಪಾಯವೂ ಅದೇ. ಎಲ್ಲೆಯ ಒಂದು ಅಂಕಿ ಉಜ್ಜಿಹೋದರೆ ಗದ್ದೆಯೇ ವ್ಯಾಜ್ಯಕ್ಕೆ ಬಿದ್ದೀತು. ಇಂದು ಕಚೇರಿಯಲ್ಲಿ ಫೈಲಿಗೆ ನಾವನ್ನುವ ಕಡತ ಇದೇ ಮಾತು.

ಇದೇ ಹುದ್ದೆ ಧಾರವಾಡ, ಬೆಳಗಾವಿಯ ಕಡೆ ಕುಲಕರ್ಣಿ, ತೆಲುಗು ಸೀಮೆಯಲ್ಲಿ ಕರಣಂ. ಎರಡರಲ್ಲೂ ಇರುವುದು ಬರಹ, ದಾಖಲೆಗೆ ಸಂಬಂಧಿಸಿದ 'ಕರಣ'. ಕುಲಕರ್ಣಿಗಳ ಹಳೆಯ ದಫ್ತರ ಎಷ್ಟೋ ಕಡೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದೆ. ಬರೀ ಕನ್ನಡ ಬಂದರೆ ಅದನ್ನು ಓದಲಾಗದು.

ಕರ್ನಾಟಕದಲ್ಲಿ ವಂಶಪಾರಂಪರ್ಯದ ಈ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ತೆಗೆದುಹಾಕಿತು. 1963ರಲ್ಲಿ ಅದು ಜಾರಿಗೆ ಬಂದು, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಮನೆತನದ ಹೆಸರಿನ ಮೂಲ ಹುಡುಕುವವರು ಶಾಲೆಯ ಸರ್ಟಿಫಿಕೇಟಿನ ಇಂಗ್ಲಿಷ್ ಕಾಗುಣಿತ ನಂಬಬೇಡಿ. ಒಂದೇ ಹೆಸರಿಗೆ ಅಲ್ಲಿ ನಾಲ್ಕು ಬರವಣಿಗೆ ಸಿಕ್ಕೀತು. ಹಳೆಯ ಕ್ರಯಪತ್ರ ತೆಗೆದು, ಕೆಳಗಿನ ಬಿಕ್ಕಲಂ ಸಾಲು ನೋಡಿ. ಪತ್ರ ಬರೆದವರ ಹೆಸರೂ ಊರೂ ಅಲ್ಲಿ ಕನ್ನಡದಲ್ಲೇ ಇರುತ್ತದೆ.